ಹಾಡು ಮಿಕ್ಸ್ ಮಾಡುವಾಗ ಕಂಪ್ಯೂಟರ್ ತೊದಲುತ್ತಿದೆಯೇ? ಹೊಸದು ಕೊಳ್ಳುವ ಮುನ್ನ ‘ಫ್ರೀಜ್’ ಒತ್ತಿ ನೋಡಿ

ತಾಲ್ಲೂಕು ಕೇಂದ್ರಗಳಲ್ಲಿ ಈಗ ಹಾಡು ರೆಕಾರ್ಡ್ ಮಾಡುವ ಸಣ್ಣ ಕೋಣೆಗಳು ಹೊಸದಲ್ಲ. ಫೋಟೊ ಸ್ಟುಡಿಯೊದ ಹಿಂಬದಿಯಲ್ಲೋ, ಮನೆಯ ಮಹಡಿ ಮೇಲೋ ಒಂದು ಮೈಕು, ಒಂದು ಲ್ಯಾಪ್‌ಟಾಪು, ಒಂದು ಆಡಿಯೊ ಇಂಟರ್‌ಫೇಸ್ ಇದ್ದರೆ ಕೆಲಸ ಶುರು. ಜಾತ್ರೆಗೆ ಭಕ್ತಿಗೀತೆ, ಮದುವೆ ವಿಡಿಯೊಗೆ ಹಿನ್ನೆಲೆ ಸಂಗೀತ, ಶಾಲಾ ವಾರ್ಷಿಕೋತ್ಸವದ ಡ್ಯಾನ್ಸ್ ಟ್ರ್ಯಾಕು, ಅಂಗಡಿ ಉದ್ಘಾಟನೆಗೆ ಆಟೊದಲ್ಲಿ ಹಾಕುವ ಪ್ರಚಾರದ ಹಾಡು, ಎಲ್ಲವೂ ಅಲ್ಲೇ ತಯಾರಾಗುತ್ತವೆ.

ಇಂಥ ಕಡೆ ಸಾಮಾನ್ಯವಾಗಿ ಕಾಡುವ ತೊಂದರೆ ಒಂದೇ. ಮೊದಲ ಐದಾರು ಟ್ರ್ಯಾಕ್‌ವರೆಗೆ ಎಲ್ಲ ಸರಿಯಾಗಿರುತ್ತೆ. ಡೋಲು, ತಬಲಾ, ಕೊಳಲು, ಸ್ಟ್ರಿಂಗ್ಸ್, ಕೋರಸ್ ಅಂತ ಸೇರಿಸುತ್ತಾ ಹೋದ ಹಾಗೆ ಹಾಡು ‘ಚಟ್ ಚಟ್’ ಅನ್ನತೊಡಗುತ್ತೆ, ನಡುನಡುವೆ ನಿಂತು ಹೋಗುತ್ತೆ, ಕೊನೆಗೆ ಸಾಫ್ಟ್‌ವೇರೇ ಕೈಕೊಡುತ್ತೆ. ಗಿರಾಕಿ ಸಂಜೆಯೊಳಗೆ ಹಾಡು ಬೇಕು ಅಂತ ಕೂತಿರುತ್ತಾರೆ. ‘ಸಿಸ್ಟಂ ಹಳೇದಾಯ್ತು, ಹೊಸದು ತಗೋಬೇಕು’ ಅನ್ನುವ ತೀರ್ಮಾನಕ್ಕೆ ಬರೋದು ಆಗಲೇ.

ಸಾಲ ಮಾಡಿ ಹೊಸ ಕಂಪ್ಯೂಟರ್ ತರುವ ಮುಂಚೆ ತಿಳಿದಿರಬೇಕಾದ ಒಂದು ಸೌಲಭ್ಯ ಬಹುತೇಕ ಎಲ್ಲ ಸಂಗೀತ ಸಾಫ್ಟ್‌ವೇರ್‌ಗಳಲ್ಲೂ ಇದೆ. ಅದರ ಹೆಸರು ‘ಟ್ರ್ಯಾಕ್ ಫ್ರೀಜ್’. ಕಾಸು ಖರ್ಚಿಲ್ಲ. ಸರಿಯಾಗಿ ಬಳಸಿದರೆ ಹಳೇ ಲ್ಯಾಪ್‌ಟಾಪ್‌ನಲ್ಲೇ ಹಾಡು ಮುಗಿಯುತ್ತೆ. ತಪ್ಪಾಗಿ ಬಳಸಿದರೆ ಎರಡೆರಡು ಸಲ ಕೆಲಸ.

ಕಂಪ್ಯೂಟರ್ ತೊದಲುವುದು ಯಾಕೆ?

ಸಿ.ಡಿ. ಗುಣಮಟ್ಟದ ಧ್ವನಿಯಲ್ಲಿ ಒಂದು ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿರುತ್ತವೆ. ಕಂಪ್ಯೂಟರ್ ಇವನ್ನು ಒಂದೊಂದಾಗಿ ಕಳಿಸೋದಿಲ್ಲ, ಗುಂಪು ಗುಂಪಾಗಿ ಕಳಿಸುತ್ತೆ. ಆ ಗುಂಪಿನ ಗಾತ್ರವೇ ಸೆಟ್ಟಿಂಗ್ಸ್‌ನಲ್ಲಿ ಕಾಣುವ ‘ಬಫರ್ ಸೈಜ್’. ಬಫರ್ 256 ಇದ್ದರೆ ಒಂದು ಗುಂಪು ಸುಮಾರು 5.8 ಮಿಲಿಸೆಕೆಂಡಿನಷ್ಟು ಧ್ವನಿ.

ಅಂದರೆ ಪ್ರತಿ 5.8 ಮಿಲಿಸೆಕೆಂಡಿಗೆ ಒಮ್ಮೆ ಪ್ರೊಸೆಸರ್ ಎಲ್ಲ ಟ್ರ್ಯಾಕ್‌ಗಳ ಎಲ್ಲ ಪ್ಲಗಿನ್‌ಗಳ ಲೆಕ್ಕ ಮುಗಿಸಿ ಕೊಡಬೇಕು. ಈಕ್ಯು, ಕಂಪ್ರೆಸರ್, ರಿವರ್ಬ್, ಧ್ವನಿ ಶ್ರುತಿಗೆ ತರುವ ಪಿಚ್ ಕರೆಕ್ಷನ್, ಕೀಬೋರ್ಡಿನಲ್ಲಿ ನುಡಿಸಿದ ವಾದ್ಯದ ಸದ್ದು ಹುಟ್ಟಿಸುವ ವರ್ಚುವಲ್ ಇನ್‌ಸ್ಟ್ರುಮೆಂಟ್, ಎಲ್ಲ ಸೇರಿ. ಒಂದೇ ಒಂದು ಸಲ ತಡವಾದರೂ ಕಿವಿಗೆ ‘ಚಟ್’ ಅಂತ ಕೇಳಿಸುತ್ತೆ.

ಇಲ್ಲಿ ಹಲವರು ಮೋಸ ಹೋಗುವ ಇನ್ನೊಂದು ಸಂಗತಿಯಿದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಸಿಪಿಯು ಬಳಕೆ ಅರ್ಧವೂ ಆಗಿರೋದಿಲ್ಲ. ಆದರೂ ಹಾಡು ತೊದಲುತ್ತಿರುತ್ತೆ. ಕಾರಣ, ಒಂದು ಟ್ರ್ಯಾಕಿನ ಮೇಲೆ ಸಾಲಾಗಿ ಹಾಕಿದ ಪ್ಲಗಿನ್‌ಗಳ ಲೆಕ್ಕ ಒಂದಾದ ಮೇಲೆ ಒಂದು ನಡೆಯಬೇಕು. ಅದನ್ನು ಸಾಮಾನ್ಯವಾಗಿ ಪ್ರೊಸೆಸರಿನ ಒಂದೇ ಕೋರ್ ಹೊರುತ್ತೆ. ಉಳಿದ ಕೋರ್‌ಗಳು ಖಾಲಿ ಕೂತಿದ್ದರೂ ಆ ಒಂದು ಕೋರ್ ಸೋತರೆ ಇಡೀ ಹಾಡು ನಿಲ್ಲುತ್ತೆ. ಆದ್ದರಿಂದ ನೋಡಬೇಕಾದ್ದು ಟಾಸ್ಕ್ ಮ್ಯಾನೇಜರ್ ಅಲ್ಲ, ಸಂಗೀತ ಸಾಫ್ಟ್‌ವೇರಿನ ಒಳಗೇ ಇರುವ ಮೀಟರ್.

ಫ್ರೀಜ್ ಅಂದ್ರೆ ಏನು?

ದರ್ಶಿನಿ ಹೋಟೆಲಿನಲ್ಲಿ ಗಿರಾಕಿ ಬಂದಾಗಲೆಲ್ಲ ಅಕ್ಕಿ, ಉದ್ದು ರುಬ್ಬುತ್ತಾ ಕೂರೋದಿಲ್ಲ. ರಾತ್ರಿಯೇ ರುಬ್ಬಿಟ್ಟ ಹಿಟ್ಟಿರುತ್ತೆ, ಬೆಳಗ್ಗೆ ಕಾವಲಿ ಮೇಲೆ ಹುಯ್ಯೋದಷ್ಟೇ ಕೆಲಸ. ಫ್ರೀಜ್ ಮಾಡದ ಟ್ರ್ಯಾಕ್ ಅಂದರೆ ಪ್ರತಿ ದೋಸೆಗೂ ಹೊಸದಾಗಿ ರುಬ್ಬಿದ ಹಾಗೆ. ಪ್ಲೇ ಒತ್ತಿದಾಗೆಲ್ಲ ಕಂಪ್ಯೂಟರ್ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತೆ.

ಫ್ರೀಜ್ ಒತ್ತಿದರೆ ಸಾಫ್ಟ್‌ವೇರ್ ಆ ಟ್ರ್ಯಾಕನ್ನು ಅದರ ಪ್ಲಗಿನ್‌ಗಳ ಸಮೇತ ಒಮ್ಮೆ ಲೆಕ್ಕ ಹಾಕಿ, ಬಂದ ಧ್ವನಿಯನ್ನು ಡಿಸ್ಕಿನಲ್ಲಿ ಒಂದು ಆಡಿಯೊ ಫೈಲಾಗಿ ಬರೆದಿಡುತ್ತೆ. ಆಮೇಲೆ ಪ್ಲಗಿನ್‌ಗಳನ್ನು ಮಲಗಿಸಿ, ಆ ಫೈಲನ್ನು ಮಾತ್ರ ನುಡಿಸುತ್ತೆ. ಬರೆದಿಟ್ಟ ಫೈಲ್ ನುಡಿಸೋದು ಪ್ರೊಸೆಸರಿಗೆ ತೀರಾ ಹಗುರ ಕೆಲಸ.

ಹಿಟ್ಟಿನ ಹೋಲಿಕೆ ಇಲ್ಲಿಗೆ ಮುಗಿಯಿತು. ರುಬ್ಬಿದ ಹಿಟ್ಟು ಮತ್ತೆ ಅಕ್ಕಿ ಆಗೋಲ್ಲ. ಫ್ರೀಜ್ ಮಾಡಿದ ಟ್ರ್ಯಾಕ್ ಮಾತ್ರ ‘ಅನ್‌ಫ್ರೀಜ್’ ಒತ್ತಿದರೆ ಮೊದಲಿದ್ದ ಹಾಗೇ ವಾಪಸ್ ಬರುತ್ತೆ. ನೋಟ್ಸ್, ಪ್ಲಗಿನ್, ಅದರ ಸೆಟ್ಟಿಂಗು, ಯಾವುದೂ ಅಳಿಸಿ ಹೋಗಿರೋದಿಲ್ಲ. ಫ್ರೀಜ್‌ನ ನಿಜವಾದ ಬೆಲೆ ಇರೋದೇ ಇದರಲ್ಲಿ.

ಫ್ರೀಜ್ ಆದ ಮೇಲೆ ಏನು ಬದಲಿಸಬಹುದು?

ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಫ್ರೀಜ್ ನಡೆಯೋದು ವಾಲ್ಯೂಮ್ ಫೇಡರಿಗಿಂತ ಹಿಂದಿನ ಹಂತದಲ್ಲಿ. ಹಾಗಾಗಿ ಆ ಟ್ರ್ಯಾಕಿನ ಸದ್ದು ಏರಿಸೋದು, ಇಳಿಸೋದು, ಎಡಕ್ಕೆ ಬಲಕ್ಕೆ ಸರಿಸೋದು, ಮ್ಯೂಟ್, ಸೋಲೊ ಮಾಡೋದು, ಸೆಂಡ್ ಮೂಲಕ ರಿವರ್ಬಿಗೆ ಕಳಿಸೋದು ಎಲ್ಲ ನಡೆಯುತ್ತೆ. ಮಿಕ್ಸಿಂಗ್ ನಿಲ್ಲೋದಿಲ್ಲ.

ಆಗದೇ ಇರೋದು ಇಷ್ಟು: ನುಡಿಸಿದ ಸ್ವರ ತಿದ್ದುವುದು, ಆ ಟ್ರ್ಯಾಕಿನ ಪ್ಲಗಿನ್ ಸೆಟ್ಟಿಂಗ್ ಬದಲಿಸುವುದು, ಹೊಸ ಪ್ಲಗಿನ್ ಸೇರಿಸುವುದು. ಇವು ಬೇಕಾದರೆ ಅನ್‌ಫ್ರೀಜ್ ಮಾಡಿ, ತಿದ್ದಿ, ಮತ್ತೆ ಫ್ರೀಜ್ ಮಾಡಬೇಕು.

ಮೊದಲು ಶ್ರುತಿ, ಲಯ ಗಟ್ಟಿ ಮಾಡಿಕೊಳ್ಳಬೇಕು

ಸಣ್ಣ ಸ್ಟುಡಿಯೊಗಳಲ್ಲಿ ಸಮಯ ಹಾಳಾಗೋದು ಹೆಚ್ಚಾಗಿ ಇಲ್ಲಿ. ವಾದ್ಯಗಳೆಲ್ಲ ಫ್ರೀಜ್ ಆದ ಮೇಲೆ ಗಾಯಕರು ಬಂದು ‘ಅರ್ಧ ಮನೆ ಕೆಳಗೆ ಇಳಿಸಿ’ ಅಂದರೆ, ಅಥವಾ ಹಾಡು ಮಾಡಿಸುವವರು ‘ಇನ್ನೊಂದ್ ಸ್ವಲ್ಪ ಫಾಸ್ಟ್ ಬರ್ಲಿ’ ಅಂದರೆ, ಫ್ರೀಜ್ ಆದ ಟ್ರ್ಯಾಕ್‌ಗಳು ತಾವಾಗಿಯೇ ಬದಲಾಗೋದಿಲ್ಲ. ಅವು ಆಗಲೇ ಧ್ವನಿಯಾಗಿ ಬರೆದು ಮುಗಿದಿವೆ. ಎಲ್ಲವನ್ನೂ ಅನ್‌ಫ್ರೀಜ್ ಮಾಡಿ, ಟೆಂಪೊ ಬದಲಿಸಿ, ಮತ್ತೆ ಫ್ರೀಜ್ ಮಾಡಬೇಕಾಗುತ್ತೆ.

ಆದ್ದರಿಂದ ಕೆಲಸದ ಕ್ರಮ ಹೀಗಿದ್ದರೆ ಒಳ್ಳೇದು:

1. ಹಾಡುವವರನ್ನು ಮೊದಲೇ ಕರೆಸಿ ಎರಡು ಸಾಲು ಹಾಡಿಸಿ, ಶ್ರುತಿ ನಿಗದಿ ಮಾಡುವುದು.
2. ಹಾಡು ಮಾಡಿಸುವವರಿಗೆ ತಾಳ ಮಾತ್ರ ಕೇಳಿಸಿ, ವೇಗಕ್ಕೆ ಒಪ್ಪಿಗೆ ಪಡೆಯುವುದು.
3. ವಾದ್ಯಗಳನ್ನು ಜೋಡಿಸುವುದು. ಭಾರ ಹೆಚ್ಚಾದಾಗ, ಮುಗಿದ ವಾದ್ಯಗಳನ್ನು ಮಾತ್ರ ಫ್ರೀಜ್ ಮಾಡುವುದು.
4. ಗಾಯನ ರೆಕಾರ್ಡ್ ಮಾಡುವುದು.
5. ಮಿಕ್ಸಿಂಗ್ ವೇಳೆ ಬೇಕಾದ್ದನ್ನು ಮಾತ್ರ ಬಿಚ್ಚಿ ತಿದ್ದುವುದು.

ಯಾವ ಟ್ರ್ಯಾಕಿಗೆ ಮೊದಲು ಫ್ರೀಜ್?

ಸಿಕ್ಕಿದ್ದನ್ನೆಲ್ಲ ಫ್ರೀಜ್ ಮಾಡಿದರೆ ಪ್ರಯೋಜನ ಕಡಿಮೆ, ತೊಡಕು ಜಾಸ್ತಿ. ಒಂದು ಸಾದಾ ಈಕ್ಯು ಮಾತ್ರ ಇರುವ ಟ್ರ್ಯಾಕ್ ಫ್ರೀಜ್ ಮಾಡಿ ಉಳಿಯೋದು ಏನೂ ಇಲ್ಲ. ಭಾರವಾದವು ಸಾಮಾನ್ಯವಾಗಿ ಇವು:

• ನೂರಾರು ಸ್ಯಾಂಪಲ್ ಹೊತ್ತ ವಾದ್ಯಗಳು: ಸ್ಟ್ರಿಂಗ್ಸ್, ಪಿಯಾನೊ, ಡ್ರಮ್ ಕಿಟ್
• ಒಂದೇ ಸಲ ಹಲವು ಸ್ವರ ಹಿಡಿಯುವ ಸಿಂಥ್ ಪ್ಯಾಡ್‌ಗಳು
• ಪಿಚ್ ಕರೆಕ್ಷನ್ ಮತ್ತು ನಾಯ್ಸ್ ತೆಗೆಯುವ ಪ್ಲಗಿನ್ ಹಾಕಿದ ಗಾಯನ
• ದೇವಸ್ಥಾನ, ದೊಡ್ಡ ಹಾಲ್‌ನಂಥ ಪ್ರತಿಧ್ವನಿ ಕೊಡುವ ಕನ್ವೊಲ್ಯೂಷನ್ ರಿವರ್ಬ್

ಭಾರ ಯಾವುದರದ್ದು ಅಂತ ಗೊತ್ತಾಗದಿದ್ದರೆ ಸುಲಭ ದಾರಿ ಇದೆ. ಹಾಡು ನುಡಿಯುತ್ತಿರುವಾಗ ಒಂದೊಂದೇ ಪ್ಲಗಿನ್ ಆಫ್ ಮಾಡಿ ಮೀಟರ್ ನೋಡಬೇಕು. ಯಾವುದನ್ನು ಆಫ್ ಮಾಡಿದಾಗ ಮೀಟರ್ ದಡಕ್ಕನೆ ಇಳಿಯುತ್ತೋ ಆ ಟ್ರ್ಯಾಕಿನಿಂದ ಶುರು ಮಾಡಬೇಕು. ಟ್ರ್ಯಾಕನ್ನು ಮ್ಯೂಟ್ ಮಾಡಿ ನೋಡಿದರೆ ಸಾಲದು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಮ್ಯೂಟ್ ಆದ ಟ್ರ್ಯಾಕಿನ ಪ್ಲಗಿನ್‌ಗಳೂ ಹಿಂದಿನಿಂದ ಓಡುತ್ತಲೇ ಇರುತ್ತವೆ.

ಯಾವ ಸಾಫ್ಟ್‌ವೇರ್‌ನಲ್ಲಿ ಎಲ್ಲಿದೆ?

ಲಾಜಿಕ್ ಪ್ರೊ: ಟ್ರ್ಯಾಕಿನ ತಲೆಯಲ್ಲಿ ಹಿಮದ ಹರಳಿನ ಗುರುತಿನ ಬಟನ್. ಕಾಣದಿದ್ದರೆ ಟ್ರ್ಯಾಕ್ ಹೆಡರ್ ಆಯ್ಕೆಗಳಲ್ಲಿ ‘ಫ್ರೀಜ್’ ಆನ್ ಮಾಡಬೇಕು. ಬಟನ್ ಒತ್ತಿದ ಕೂಡಲೇ ಏನೂ ಆಗೋದಿಲ್ಲ, ಆಮೇಲೆ ಪ್ಲೇ ಒತ್ತಿದಾಗ ಫ್ರೀಜ್ ನಡೆಯುತ್ತೆ. ಲಾಜಿಕ್‌ಗೆ ಈ ಸೌಲಭ್ಯ ಬಂದದ್ದು 2003ರಲ್ಲಿ, ಆರನೇ ಆವೃತ್ತಿಯಲ್ಲಿ.

ಕ್ಯೂಬೇಸ್: ಇನ್‌ಸ್ಪೆಕ್ಟರ್‌ನಲ್ಲಿ ‘ಫ್ರೀಜ್’ ಬಟನ್. ವಾದ್ಯ ಮಾತ್ರವೋ, ವಾದ್ಯ ಮತ್ತು ಅದರ ಚಾನೆಲ್ ಎರಡೂ ಬೇಕೋ ಅಂತ ಕೇಳುತ್ತೆ. ಫ್ರೀಜ್ ಆದ ಮೇಲೆ ವಾದ್ಯವನ್ನು ಮೆಮೊರಿಯಿಂದ ಇಳಿಸುವ ಆಯ್ಕೆಯೂ ಅಲ್ಲೇ ಇದೆ. ರ‍್ಯಾಮ್ ಕಡಿಮೆ ಇರುವವರು ಅದಕ್ಕೆ ಟಿಕ್ ಹಾಕಬೇಕು.

ಏಬಲ್ಟನ್ ಲೈವ್: ಟ್ರ್ಯಾಕಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಫ್ರೀಜ್ ಟ್ರ್ಯಾಕ್’. ಅದೇ ಮೆನುವಿನಲ್ಲಿ ‘ಫ್ಲ್ಯಾಟನ್’ ಅಂತ ಇನ್ನೊಂದಿದೆ, ಅದು ಬೇರೆಯೇ ಕೆಲಸ. ಅದರ ವಿಚಾರ ಕೆಳಗಿದೆ.

ರೀಪರ್: ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್, ‘ರೆಂಡರ್/ಫ್ರೀಜ್ ಟ್ರ್ಯಾಕ್ಸ್’ ಒಳಗೆ ಮೊನೊ, ಸ್ಟಿರಿಯೊ ಆಯ್ಕೆಗಳು. ಒಬ್ಬರೇ ಹಾಡಿದ ಗಾಯನಕ್ಕೆ ಸ್ಟಿರಿಯೊ ಪ್ಲಗಿನ್ ಇಲ್ಲದಿದ್ದರೆ ಮೊನೊ ಸಾಕು, ಫೈಲ್ ಅರ್ಧದಷ್ಟಾಗುತ್ತೆ.

ಪ್ರೊ ಟೂಲ್ಸ್: ದೊಡ್ಡ ಸ್ಟುಡಿಯೊಗಳ ಈ ಸಾಫ್ಟ್‌ವೇರಿಗೆ ಫ್ರೀಜ್ ಬಂದದ್ದು ತಡವಾಗಿ, 2016ರಲ್ಲಿ, 12.4ನೇ ಆವೃತ್ತಿಯಲ್ಲಿ. ಟ್ರ್ಯಾಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತೆ.

ಸ್ಟುಡಿಯೊ ಒನ್: ಇಲ್ಲಿ ಹೆಸರು ಬೇರೆ, ‘ಟ್ರಾನ್ಸ್‌ಫಾರ್ಮ್’. ವಾದ್ಯದ ಟ್ರ್ಯಾಕನ್ನು ಆಡಿಯೊ ಮಾಡುವಾಗ ‘ಪ್ರಿಸರ್ವ್’ ಅನ್ನುವ ಆಯ್ಕೆಗೆ ಟಿಕ್ ಇದ್ದರೆ ಮಾತ್ರ ಮತ್ತೆ ವಾಪಸ್ ತರಬಹುದು.

ಎಫ್‌ಎಲ್ ಸ್ಟುಡಿಯೊ: ಪ್ಲೇಲಿಸ್ಟಿನ ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಕನ್ಸಾಲಿಡೇಟ್’ ಇದೆ. ಇದು ಆ ಟ್ರ್ಯಾಕನ್ನು ಆಡಿಯೊ ಕ್ಲಿಪ್ ಮಾಡಿ ಕೊಡುತ್ತೆ. ಅದಕ್ಕೂ ಮೊದಲು ಪ್ರಾಜೆಕ್ಟನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿಟ್ಟುಕೊಂಡರೆ ನಿಶ್ಚಿಂತೆ.

ಆಡಾಸಿಟಿ: 2022ರಲ್ಲಿ ಬಂದ 3.2ನೇ ಆವೃತ್ತಿಯವರೆಗೆ ಇಲ್ಲಿ ಎಫೆಕ್ಟ್ ಹಾಕಿದರೆ ನೇರ ಫೈಲಿಗೇ ಹತ್ತುತ್ತಿತ್ತು. ಫ್ರೀಜ್‌ನ ಅಗತ್ಯವೇ ಇರಲಿಲ್ಲ. ಈಗ ರಿಯಲ್ ಟೈಮ್ ಎಫೆಕ್ಟ್ ಬಂದಿರೋದರಿಂದ ಭಾರ ಹೆಚ್ಚಾದಾಗ ‘ಮಿಕ್ಸ್ ಆ್ಯಂಡ್ ರೆಂಡರ್’ ಬಳಸಬಹುದು. ಆದರೆ ಇದು ಶಾಶ್ವತ ಬದಲಾವಣೆ, ಪ್ರಾಜೆಕ್ಟಿನ ಪ್ರತಿ ಇಟ್ಟುಕೊಂಡೇ ಮಾಡಬೇಕು.

ಡಿಸ್ಕ್ ಎಷ್ಟು ಬೇಕು?

ಫ್ರೀಜ್ ಅಂದರೆ ಪ್ರೊಸೆಸರಿನ ಭಾರವನ್ನು ಡಿಸ್ಕಿಗೆ ದಾಟಿಸೋದು. ಹಾಗಾಗಿ ಜಾಗದ ಲೆಕ್ಕ ಬೇಕು. 44,100 ಸ್ಯಾಂಪಲ್ ರೇಟಿನ, 32 ಬಿಟ್‌ನ ಸ್ಟಿರಿಯೊ ಫೈಲ್ ಒಂದು ನಿಮಿಷಕ್ಕೆ ಸುಮಾರು 21 ಎಂ.ಬಿ. ಆಗುತ್ತೆ. ಐದು ನಿಮಿಷದ ಹಾಡಿನಲ್ಲಿ ಒಂದು ಟ್ರ್ಯಾಕಿಗೆ ಸುಮಾರು 106 ಎಂ.ಬಿ. ಹತ್ತು ಟ್ರ್ಯಾಕ್ ಫ್ರೀಜ್ ಮಾಡಿದರೆ ಒಂದು ಜಿ.ಬಿ.ಗಿಂತ ತುಸು ಹೆಚ್ಚು.

ಆ ಹತ್ತೂ ಟ್ರ್ಯಾಕ್ ಒಟ್ಟಿಗೆ ನುಡಿಸಲು ಡಿಸ್ಕಿನಿಂದ ಸೆಕೆಂಡಿಗೆ 3.5 ಎಂ.ಬಿ.ಯಷ್ಟು ಓದಿದರೆ ಸಾಕು. ಹಳೇ ಹಾರ್ಡ್ ಡಿಸ್ಕಿಗೂ ಇದು ಕಷ್ಟವಲ್ಲ. ಆದರೆ ಸಿ ಡ್ರೈವ್ ತುಂಬಿ ಕೆಂಪಾಗಿದ್ದರೆ ಫ್ರೀಜ್ ಅರ್ಧಕ್ಕೇ ನಿಲ್ಲಬಹುದು. ಮದುವೆ ವಿಡಿಯೊಗಳೂ ಅದೇ ಡಿಸ್ಕಿನಲ್ಲಿದ್ದರೆ ಮೊದಲು ಜಾಗ ಖಾಲಿ ಮಾಡಿಕೊಳ್ಳಬೇಕು.

ಫ್ರೀಜ್ ಬೇರೆ, ಫ್ಲ್ಯಾಟನ್ ಬೇರೆ

ಫ್ಲ್ಯಾಟನ್, ಬೌನ್ಸ್, ಕಮಿಟ್, ರೆಂಡರ್ ಹೀಗೆ ನಾನಾ ಹೆಸರುಗಳಿವೆ. ಇವುಗಳಲ್ಲಿಯೂ ಟ್ರ್ಯಾಕ್ ಧ್ವನಿ ಫೈಲಾಗುತ್ತೆ. ವ್ಯತ್ಯಾಸ ಅಂದರೆ ಫ್ಲ್ಯಾಟನ್ ಮಾಡಿದ ಮೇಲೆ ಹಳೇ ನೋಟ್ಸು, ಪ್ಲಗಿನ್ನು ಆ ಟ್ರ್ಯಾಕಿನಲ್ಲಿ ಉಳಿಯೋದಿಲ್ಲ. ಫ್ರೀಜ್ ಅಂದರೆ ಬೀಗ ಹಾಕಿದ ಹಾಗೆ, ಕೀಲಿ ಕೈಯಲ್ಲೇ ಇರುತ್ತೆ. ಫ್ಲ್ಯಾಟನ್ ಅಂದರೆ ಬಾಗಿಲನ್ನೇ ಗೋಡೆ ಮಾಡಿದ ಹಾಗೆ.

ಹಿಂದೆ ಎಲ್ಲರ ಪಾಲಿಗೂ ಎರಡನೇ ದಾರಿಯೇ ಗತಿಯಾಗಿತ್ತು. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಬೀಟಲ್ಸ್ ತಂಡದವರು 1967ರ ‘ಸಾರ್ಜಂಟ್ ಪೆಪ್ಪರ್ಸ್’ ಆಲ್ಬಮ್ ಮಾಡಿದ್ದು ನಾಲ್ಕೇ ಟ್ರ್ಯಾಕಿನ ಟೇಪ್ ಮಷಿನ್‌ಗಳಲ್ಲಿ. ನಾಲ್ಕೂ ತುಂಬಿದಾಗ ಅವನ್ನು ಬೆರೆಸಿ ಇನ್ನೊಂದು ಮಷಿನ್ನಿನ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಹೊಸ ವಾದ್ಯ ಸೇರಿಸುತ್ತಿದ್ದರು. ಒಮ್ಮೆ ಬೆರೆತ ಮೇಲೆ ಡ್ರಮ್ಮು ಜಾಸ್ತಿಯಾಯ್ತು ಅಂತ ಬಿಡಿಸಲು ಬರುತ್ತಿರಲಿಲ್ಲ. ಇಂದಿನ ಫ್ರೀಜ್ ಮಾಡೋದು ಅದೇ ಉಳಿತಾಯ, ಆದರೆ ವಾಪಸ್ ಬರುವ ದಾರಿ ಇಟ್ಟುಕೊಂಡು.

ಎಚ್ಚರ ವಹಿಸಬೇಕಾದ ಕಡೆ

ಬಾಲ ಕತ್ತರಿಸುವುದು: ಕೊನೆಯ ಗಂಟೆಯ ಸದ್ದು, ರಿವರ್ಬಿನ ಪ್ರತಿಧ್ವನಿ ಟ್ರ್ಯಾಕ್ ಮುಗಿದ ಮೇಲೂ ಕೆಲವು ಸೆಕೆಂಡು ಇರುತ್ತೆ. ಫ್ರೀಜ್ ಅದಕ್ಕೂ ಮೊದಲೇ ನಿಂತರೆ ಸದ್ದು ಪಟ್ಟನೆ ಕತ್ತರಿಸುತ್ತೆ. ಕ್ಯೂಬೇಸ್‌ನಲ್ಲಿ ಇದಕ್ಕೆಂದೇ ‘ಟೇಲ್ ಸೈಜ್’ ಇದೆ, ಸೆಕೆಂಡುಗಳಲ್ಲಿ ಕೊಡಬೇಕು. ಯಾವುದೇ ಸಾಫ್ಟ್‌ವೇರ್ ಆದರೂ ಫ್ರೀಜ್ ಆದ ಮೇಲೆ ಹಾಡಿನ ಕೊನೆ ಕೇಳಿ ನೋಡಬೇಕು.

ಡೆಮೊ ಪ್ಲಗಿನ್: ದುಡ್ಡು ಕಟ್ಟದ ಕೆಲವು ಡೆಮೊ ಪ್ಲಗಿನ್‌ಗಳು ನಡುನಡುವೆ ಸದ್ದು ನಿಲ್ಲಿಸುತ್ತವೆ ಅಥವಾ ‘ಶ್’ ಅನ್ನುವ ಗದ್ದಲ ಸೇರಿಸುತ್ತವೆ. ಫ್ರೀಜ್ ಮಾಡಿದರೆ ಅದೂ ಫೈಲಿನಲ್ಲಿ ಕೂತುಬಿಡುತ್ತೆ.

ಬೇರೆ ಕಂಪ್ಯೂಟರಿಗೆ ಒಯ್ಯುವಾಗ: ಪ್ಲಗಿನ್ ಇಲ್ಲದ ಕಂಪ್ಯೂಟರಿನಲ್ಲಿ ಅನ್‌ಫ್ರೀಜ್ ಮಾಡಿದರೆ ಆ ವಾದ್ಯ ಮೂಕವಾಗುತ್ತೆ. ಬೆಂಗಳೂರಿನ ದೊಡ್ಡ ಸ್ಟುಡಿಯೊಗೆ ಮಿಕ್ಸಿಂಗಿಗೆ ಕಳಿಸುವುದಾದರೆ ಫ್ರೀಜ್ ನೆಚ್ಚಿಕೊಳ್ಳದೆ, ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಬಿಂದುವಿನಿಂದಲೇ ಶುರುವಾಗುವ ವೇವ್ ಫೈಲಾಗಿ ತೆಗೆದು ಕಳಿಸಬೇಕು. ಆಗ ಅಲ್ಲಿ ಯಾವ ಸಾಫ್ಟ್‌ವೇರ್ ಇದ್ದರೂ ಟ್ರ್ಯಾಕ್‌ಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ.

ಕರೆಂಟು: ಫ್ರೀಜ್ ನಡೆಯುವಾಗ ಕರೆಂಟು ಹೋದರೆ ಫೈಲ್ ಅರ್ಧಂಬರ್ಧ ಆಗಬಹುದು. ಡೆಸ್ಕ್‌ಟಾಪ್ ಬಳಸುವವರು ಫ್ರೀಜ್‌ಗೆ ಮುಂಚೆ ಒಮ್ಮೆ ಸೇವ್ ಮಾಡೋದು ಮರೆಯಬಾರದು.

ಫ್ರೀಜ್‌ಗೂ ಮೊದಲು ಮಾಡಬಹುದಾದ ನಾಲ್ಕು ಕೆಲಸ

ಮೊದಲನೆಯದು ಬಫರ್. ರೆಕಾರ್ಡಿಂಗ್ ಮಾಡುವಾಗ ಬಫರ್ ಕಡಿಮೆ ಇರಬೇಕು, 128ರ ಆಸುಪಾಸು. ಇಲ್ಲದಿದ್ದರೆ ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ಧ್ವನಿ ತಡವಾಗಿ ಕೇಳಿಸುತ್ತೆ. ಮಿಕ್ಸಿಂಗ್ ಮಾಡುವಾಗ ಆ ಚಿಂತೆಯಿಲ್ಲ, 1024ಕ್ಕೆ ಏರಿಸಬಹುದು. ಆಗ ಒಂದು ಗುಂಪಿಗೆ 23 ಮಿಲಿಸೆಕೆಂಡು ಸಿಗುತ್ತೆ, ಪ್ರೊಸೆಸರಿಗೆ ಉಸಿರಾಡಲು ಸಮಯವಾಗುತ್ತೆ.

ಎರಡನೆಯದು ರಿವರ್ಬ್. ಹತ್ತು ಟ್ರ್ಯಾಕಿಗೆ ಹತ್ತು ರಿವರ್ಬ್ ಹಾಕುವ ಬದಲು, ಒಂದೇ ರಿವರ್ಬನ್ನು ಬೇರೆ ಚಾನೆಲ್‌ನಲ್ಲಿಟ್ಟು ಎಲ್ಲ ಟ್ರ್ಯಾಕ್‌ಗಳನ್ನೂ ಸೆಂಡ್ ಮೂಲಕ ಅಲ್ಲಿಗೆ ಕಳಿಸಬೇಕು. ಭಾರವೂ ಇಳಿಯುತ್ತೆ, ಎಲ್ಲ ವಾದ್ಯಗಳೂ ಒಂದೇ ಜಾಗದಲ್ಲಿ ನುಡಿಸಿದ ಹಾಗೆ ಕೇಳಿಸುತ್ತೆ.

ಮೂರನೆಯದು ಬಿಸಿ. ಬಯಲುಸೀಮೆಯ ಬೇಸಿಗೆಯಲ್ಲಿ, ಫ್ಯಾನಿನ ಸದ್ದು ಮೈಕಿಗೆ ಬೀಳಬಾರದು ಅಂತ ಮುಚ್ಚಿದ ಕೋಣೆಯಲ್ಲಿ, ಲ್ಯಾಪ್‌ಟಾಪ್ ಕಾದು ತನ್ನಷ್ಟಕ್ಕೆ ವೇಗ ಇಳಿಸಿಕೊಳ್ಳುತ್ತೆ. ಒಳಗಿನ ಫ್ಯಾನಿನ ಧೂಳು ತೆಗೆಸಿದರೆ, ಹಾಸಿಗೆ ಮೇಲಿಡದೆ ಗಟ್ಟಿ ಮೇಜಿನ ಮೇಲಿಟ್ಟರೆ ವ್ಯತ್ಯಾಸ ಗೊತ್ತಾಗುತ್ತೆ.

ನಾಲ್ಕನೆಯದು ಪವರ್. ಬ್ಯಾಟರಿಯಲ್ಲಿ ಓಡಿಸಿದರೆ ಹಲವು ಲ್ಯಾಪ್‌ಟಾಪ್‌ಗಳು ನಿಧಾನವಾಗುತ್ತವೆ. ಮಿಕ್ಸಿಂಗ್ ವೇಳೆ ಚಾರ್ಜರ್ ಹಾಕಿ, ವಿಂಡೋಸ್‌ನ ಪವರ್ ಸೆಟ್ಟಿಂಗಿನಲ್ಲಿ ‘ಹೈ ಪರ್ಫಾರ್ಮೆನ್ಸ್’ ಆಯ್ಕೆ ಮಾಡಬೇಕು.

ಹೊಸ ಕಂಪ್ಯೂಟರ್ ನಿಜಕ್ಕೂ ಬೇಕಾಗೋದು ಯಾವಾಗ?

ಫ್ರೀಜ್ ಎಲ್ಲದಕ್ಕೂ ಮದ್ದಲ್ಲ. ಕೀಬೋರ್ಡ್ ಮುಟ್ಟಿದ ತಕ್ಷಣ ಸದ್ದು ಬರಬೇಕಾದ, ಆಗಷ್ಟೇ ನುಡಿಸುತ್ತಿರುವ ವಾದ್ಯವನ್ನು ಫ್ರೀಜ್ ಮಾಡಲು ಬರೋದಿಲ್ಲ. ಒಂದೇ ಒಂದು ವಾದ್ಯ ತೆರೆದರೂ ತೊದಲುವ ಕಂಪ್ಯೂಟರ್ ಬದಲಿಸುವುದೇ ಸರಿ. ಮಾಸ್ಟರ್ ಚಾನೆಲ್ ಮೇಲಿನ ಭಾರವೂ ಟ್ರ್ಯಾಕ್ ಫ್ರೀಜ್‌ನಿಂದ ಇಳಿಯೋದಿಲ್ಲ. ಅಲ್ಲಿನ ಪ್ಲಗಿನ್‌ಗಳನ್ನು ಹಾಡು ಮುಗಿಯುವವರೆಗೆ ಆಫ್ ಇಡಬೇಕು. ಇನ್ನು ಪ್ರಾಜೆಕ್ಟ್ ತೆರೆಯಲು ಬಹಳ ಹೊತ್ತು ಹಿಡಿಯುವುದೇ ತೊಂದರೆಯಾದರೆ, ಇಡೀ ಕಂಪ್ಯೂಟರ್ ಬದಲು ಎಸ್‌ಎಸ್‌ಡಿ ಅಥವಾ ರ‍್ಯಾಮ್ ಹೆಚ್ಚಿಸಿದರೆ ಸಾಕಾಗಬಹುದು.

ಹಾಡು ಮಾಡಿಸುವ ಅಂಗಡಿಯವರಿಗೂ ಇದು ಗೊತ್ತಿರಲಿ

ಪ್ರಚಾರದ ಹಾಡು ಮಾಡಿಸುವವರು ಸಾಮಾನ್ಯವಾಗಿ ಕೊನೆಯ ಎಂಪಿ3 ಮಾತ್ರ ತಗೊಂಡು ಹೋಗುತ್ತಾರೆ. ವರ್ಷದ ಮೇಲೆ ಅಂಗಡಿ ಬೇರೆ ರಸ್ತೆಗೆ ಬಂದಿರುತ್ತೆ, ಫೋನ್ ನಂಬರ್ ಬದಲಾಗಿರುತ್ತೆ. ಒಂದು ಸಾಲು ಬದಲಿಸಿ ಅಂದರೆ ಪ್ರಾಜೆಕ್ಟೇ ಇಲ್ಲ, ಅಥವಾ ಎಲ್ಲ ಫ್ಲ್ಯಾಟನ್ ಆಗಿ ಕೂತಿದೆ ಅನ್ನುವ ಉತ್ತರ ಬಂದರೆ ಮತ್ತೆ ಪೂರ್ತಿ ಖರ್ಚು.

ಅದಕ್ಕೆ ಹಾಡು ಒಪ್ಪಿಕೊಳ್ಳುವಾಗಲೇ ಮೂರು ವಸ್ತು ಕೇಳಿ ಪೆನ್ ಡ್ರೈವಿನಲ್ಲಿ ಪಡೆಯಬೇಕು: ಪೂರ್ತಿ ಹಾಡಿನ ವೇವ್ ಫೈಲ್, ಗಾಯನವಿಲ್ಲದ ಸಂಗೀತ ಮಾತ್ರದ ವೇವ್ ಫೈಲ್, ಗಾಯನ ಮಾತ್ರದ ವೇವ್ ಫೈಲ್. ಇಷ್ಟಿದ್ದರೆ ಯಾವ ಊರಿನ ಯಾವ ಸ್ಟುಡಿಯೊದಲ್ಲಾದರೂ ಬದಲಾದ ಸಾಲನ್ನು ಮಾತ್ರ ಹಾಡಿಸಿ ಸೇರಿಸಬಹುದು. ಸ್ಟುಡಿಯೊದವರಿಗೂ ಇದು ಕಷ್ಟದ ಕೆಲಸವಲ್ಲ, ಕೊನೆಗೆ ಎರಡು ಸಲ ಹೆಚ್ಚಿಗೆ ಎಕ್ಸ್‌ಪೋರ್ಟ್ ಒತ್ತಿದರಾಯಿತು.

ಸ್ಟುಡಿಯೊ ನಡೆಸುವವರ ಕಡೆಯಿಂದ ನೋಡಿದರೆ ನಿಯಮ ಇನ್ನೂ ಚಿಕ್ಕದು. ಕೆಲಸ ನಡೆಯುವಾಗ ಫ್ರೀಜ್, ಒಪ್ಪಿಗೆ ಬಂದ ಮೇಲೆ ವೇವ್, ಪ್ರಾಜೆಕ್ಟಿನ ಪ್ರತಿ ಇಲ್ಲದೆ ಫ್ಲ್ಯಾಟನ್ ಬೇಡ.